ಪಕ್ಕದ ಮನೆ ಯೂಟಾ ಅಜ್ಜಿ ಕತೆ ಬರೆದಿಡ್ತಿದೀನಿ, ಮಾರ್ಮನ್ ಪಯನಿಯರ್ ಮನೆತನಗಳ ಬಗ್ಗೆ ಗೊತ್ತಿರೋರು ಸ್ವಲ್ಪ ಹೇಳಿ

ಮಲ್ನಾಡ್_ಹುಡ್ಗಿ ಕೇಳಿದ್ದು:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಓದಿ ದಯವಿಟ್ಟು.

ನಾವು ಅಮೆರಿಕದ ಯೂಟಾ ರಾಜ್ಯಕ್ಕೆ ಬಂದು ಎರಡು ವರ್ಷ ಆಯ್ತು. ಪಕ್ಕದ ಮನೇಲಿ ಒಬ್ರು ಮಾರ್ಮನ್ (ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರಿಶ್ಚಿಯನ್ ಪಂಥ) ಅಜ್ಜಿ ಇದಾರೆ, 1933ರಲ್ಲಿ ಹುಟ್ಟಿದೋರು, ಒಬ್ರೇ ಇರೋದು. ನಂಗೆ ಮಗು ಆದಾಗ ಊರಿಂದ ಅಮ್ಮಂಗೆ ಬರೋಕಾಗ್ಲಿಲ್ಲ, ಆ ಹದಿನೈದು ದಿನವೂ ಬೆಳಿಗ್ಗೆ ಬಿಸಿ ಬ್ರೆಡ್ಡು, ಸಂಜೆ ತರಕಾರಿ ಸೂಪು ತಂದ್ಕೊಟ್ಟು ಮಗೂನ ಎತ್ಕೊಂಡು ನನ್ನ ಮಲಗು ಅಂತ ಕಳಿಸ್ತಿದ್ದೋರು ಇವ್ರೇ. ಆ ಋಣ ನಾನು ಹೇಗೂ ತೀರಿಸೋಕಾಗಲ್ಲ. ಈಗ ಅವ್ರಿಗೆ ಕಣ್ಣು ಮಂಜಾಗ್ತಿದೆ, ಬರೆಯೋಕಾಗಲ್ಲ, ಒಂದಿನ ಅವ್ರೇ ಕೇಳಿದ್ರು, ನೀನು ಟೈಪ್ ಮಾಡ್ತೀಯಲ್ಲ, ನನ್ನ ಕತೆ ಒಂದಿಷ್ಟು ಬರೆದಿಡ್ತೀಯಾ ಅಂತ. ಅವತ್ತಿಂದ ಪ್ರತಿ ಬುಧವಾರ ಮಧ್ಯಾಹ್ನ ಮಗು ಮಲಗಿದ್ಮೇಲೆ ಹೋಗಿ ಕೂರ್ತೀನಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಆಮೇಲೆ ಬರೀತೀನಿ.

ಅಜ್ಜಿ ಬೆಳೆದಿದ್ದು ಸ್ಯಾನ್‌ಪೀಟ್ ಕಣಿವೆ ಅಂತಾರಲ್ಲ, ಈಫ್ರಮ್, ಮ್ಯಾಂಟೈ ಊರುಗಳ ಕಡೆ. ಇವ್ರು ಕೂಸಾಗಿದ್ದಾಗ್ಲೇ ತಾಯಿ ತೀರ್ಕೊಂಡ್ರಂತೆ, ಅದಕ್ಕೆ ಸಾಕಿದ್ದೆಲ್ಲ ಇವ್ರ ಅಜ್ಜಿ. ನಾನು ಗೊಂದಲ ಆಗ್ದಿರ್ಲಿ ಅಂತ ಆಕೇನ ದೊಡ್ಡಜ್ಜಿ ಅಂತೀನಿ. ದೊಡ್ಡಜ್ಜಿ ಹುಟ್ಟಿದ್ದು 1876ರಲ್ಲಿ. ಆಕೆಯ ತಾಯಿ ಡೆನ್ಮಾರ್ಕಿಂದ ಏಳು ವರ್ಷದ ಹುಡುಗಿಯಾಗಿ 1857ರಲ್ಲಿ ಬಂದೋಳು, ಕೈಗಾಡಿ ಜೊತೆ ನಡ್ಕೊಂಡು. ಅಂದ್ರೆ ನನ್ನ ಮುಂದೆ ಕೂತಿರೋ ಅಜ್ಜಿ ಬೆಳೆದಿದ್ದು ಆ ಹುಡುಗಿಯ ಮಗಳ ಮಡಿಲಲ್ಲಿ. ಇದನ್ನ ಯೋಚಿಸಿದಾಗೆಲ್ಲ ನಂಗೆ ಮೈ ಜುಮ್ಮನ್ನತ್ತೆ.

ಅವ್ರು ಹೇಳೋದರಲ್ಲಿ ಕೆಲವು ನಂಗೆ ಅರ್ಥವೇ ಆಗ್ತಿಲ್ಲ. ದೊಡ್ಡಜ್ಜಿಗೆ ಹದಿನಾಲ್ಕು ವರ್ಷ ಆಗೋವರೆಗೂ ತನ್ನ ಅಪ್ಪನ ಹೆಸರು ಹೊರಗಡೆ ಯಾರ ಹತ್ರಾನೂ ಹೇಳೋ ಹಾಗಿರ್ಲಿಲ್ವಂತೆ, ಅಪರಿಚಿತರು ಊರಿಗೆ ಬಂದ್ರೆ ಅಮ್ಮ ಮಕ್ಕಳು ಬೇರೆ ಯಾರದ್ದೋ ಮನೆಗೆ ಹೋಗಿ ಇರ್ತಿದ್ರಂತೆ. ಇನ್ನೊಂದು ಭಾನುವಾರದ ಮೊಟ್ಟೆ ಅಂತಾರೆ, ಭಾನುವಾರ ಕೋಳಿ ಇಟ್ಟ ಮೊಟ್ಟೆ ಮನೆಗೆ ಬಳಸ್ತಿರ್ಲಿಲ್ಲ ಅಂತ. ಆಮೇಲೆ ದೊಡ್ಡಜ್ಜಿ ದಿನಾ ಬೆಳಿಗ್ಗೆ ಕಾಫಿ ಕುಡೀತಿದ್ಳಂತೆ. ನಮ್ಮ ಅಜ್ಜಿ ಮನೇಲಿ ಕಾಫಿನೂ ಇಲ್ಲ ಟೀನೂ ಇಲ್ಲ, ಪೋಸ್ಟಮ್ ಅಂತ ಹುರಿದ ಧಾನ್ಯದ ಪುಡಿ ಬಿಸಿನೀರಿಗೆ ಹಾಕ್ಕೊಂಡು ಕುಡೀತಾರೆ, ಧರ್ಮದಲ್ಲೇ ನಿಷಿದ್ಧ ಅಂತ ಕೇಳಿದೀನಿ, ಹಾಗಿದ್ಮೇಲೆ ಅಷ್ಟು ಭಕ್ತಿ ಇದ್ದ ದೊಡ್ಡಜ್ಜಿ ಹೇಗೆ ಕುಡೀತಿದ್ಳು?

ಕೊನೇದಾಗಿ ಮುಖ್ಯವಾದ್ದು. ಅಜ್ಜಿಯ ಮಕ್ಕಳು ಒಳ್ಳೆಯೋರೇ, ಅವ್ರು ಇದನ್ನ ಪುಸ್ತಕ ಮಾಡಿಸ್ತೀವಿ ಅಂತಾರೆ, ಆದ್ರೆ ಕಾಫಿ ವಿಷ್ಯ, ಅಪ್ಪನ ಹೆಸರಿನ ವಿಷ್ಯ ಎಲ್ಲ ಬೇಡ, ಕೈಗಾಡಿ ಎಳೆದಿದ್ದು, ದೇವರ ಮೇಲಿನ ನಂಬಿಕೆ ಅಷ್ಟೇ ಇರ್ಲಿ ಅಂತಿದಾರೆ. ಅಜ್ಜಿ ಏನೂ ಹೇಳಲ್ಲ, ಸುಮ್ನೆ ಕಿಟಕಿ ಕಡೆ ನೋಡ್ತಾರೆ. ನಾನು ಹೊರಗಿನೋಳು. ಏನ್ ಮಾಡ್ಲಿ?

ಸಾಲ್ಟ್‌ಲೇಕ್_ಸೀನ:

ಮೇಡಂ, ನಾನು ಇಲ್ಲಿ ಹದಿನೇಳು ವರ್ಷದಿಂದ ಇದೀನಿ. ನೀವು ಮಾಡ್ತಿರೋದು ತುಂಬಾ ದೊಡ್ಡ ಕೆಲ್ಸ, ಮೊದ್ಲು ಅದನ್ನ ಹೇಳ್ಬಿಡ್ತೀನಿ.

ಇಲ್ಲಿ ಪಯನಿಯರ್ ಅನ್ನೋ ಪದಕ್ಕೆ ಒಂದು ಲೆಕ್ಕ ಇದೆ. 1847 ಜುಲೈ 24ಕ್ಕೆ ಮಾರ್ಮನ್ನರ ನಾಯಕ ಬ್ರಿಗಮ್ ಯಂಗ್ ಸಾಲ್ಟ್ ಲೇಕ್ ಕಣಿವೆಗೆ ಬಂದ ದಿನದಿಂದ, 1869 ಮೇ 10ಕ್ಕೆ ಯೂಟಾದ ಪ್ರಾಮಂಟರಿ ಹತ್ರ ಪೂರ್ವ ಪಶ್ಚಿಮದ ರೈಲು ಹಳಿ ಕೂಡೋವರೆಗೆ, ಆ 22 ವರ್ಷದಲ್ಲಿ ಬಂದೋರು ಪಯನಿಯರ್. ಹೆಚ್ಚೂಕಮ್ಮಿ 70,000 ಜನ. ರೈಲಲ್ಲಿ ಬಂದೋರು ಆ ಲೆಕ್ಕಕ್ಕೆ ಬರಲ್ಲ. ಜುಲೈ 24 ಇವತ್ತಿಗೂ ಇಡೀ ರಾಜ್ಯಕ್ಕೆ ರಜೆ, ಮೆರವಣಿಗೆ ನೋಡಿರ್ತೀರ.

ಯಾಕೆ ಬಂದ್ರು ಅಂದ್ರೆ, ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಚರ್ಚ್ ಶುರು ಮಾಡಿದಾಗಿಂದ ಇವ್ರನ್ನ ಊರಿಂದ ಊರಿಗೆ ಓಡಿಸಿದ್ದೇ ಓಡಿಸಿದ್ದು. ಮಿಸ್ಸೌರಿಯಿಂದ ಓಡಿಸಿದ್ರು, ಇಲಿನಾಯ್‌ನ ನಾವೂ ಅನ್ನೋ ಕಡೆ ಜೌಗು ಒಣಗಿಸಿ ಊರು ಕಟ್ಕೊಂಡ್ರು, 1844ರಲ್ಲಿ ಸ್ಮಿತ್‌ನ ಜೈಲೊಳಗೇ ಗುಂಪು ನುಗ್ಗಿ ಕೊಂದ್ಹಾಕ್ತು, 1846ರ ಫೆಬ್ರವರಿ ಚಳೀಲಿ ಮಿಸ್ಸಿಸಿಪ್ಪಿ ದಾಟಿ ಹೊರಟ್ರು.

ನಿಮ್ಮ ಕತೆಯ ಆ ಏಳು ವರ್ಷದ ಹುಡುಗಿ 1857ರಲ್ಲಿ ಕೈಗಾಡಿ ಜೊತೆ ಬಂದಿದ್ರೆ, ಡೆನ್ಮಾರ್ಕಿನೋಳಾದ್ರೆ, ನನಗನ್ಸೋದು ಅದು ಕ್ರಿಶ್ಚಿಯನ್ ಕ್ರಿಶ್ಚಿಯನ್‌ಸನ್ ಅನ್ನೋರ ತಂಡ. ಕೈಗಾಡಿ ತಂಡಗಳು ಒಟ್ಟು ಹತ್ತು, 1856ರಿಂದ 1860ರವರೆಗೆ, ಇದು ಏಳನೇದು, ಸುಮಾರು 330 ಜನ, ಬಹುತೇಕ ಎಲ್ಲಾ ಸ್ಕ್ಯಾಂಡಿನೇವಿಯಾದೋರು. ಅಯೋವಾ ಸಿಟಿಯಿಂದ ಜೂನಲ್ಲಿ ಹೊರಟು ಸೆಪ್ಟೆಂಬರಲ್ಲಿ ಸಾಲ್ಟ್ ಲೇಕ್ ಮುಟ್ಟಿದ್ರು, ಸುಮಾರು 1,300 ಮೈಲಿ, ಅಂದ್ರೆ ಎರಡು ಸಾವಿರ ಕಿಲೋಮೀಟರ್ ದಾಟತ್ತೆ, ಕಾಲ್ನಡಿಗೇಲಿ. ಎತ್ತಿನ ಗಾಡಿಗೆ ದುಡ್ಡಿಲ್ದೋರಿಗೆ ಅಂತ ಮಾಡಿದ ಉಪಾಯ ಅದು, ಎರಡು ಚಕ್ರದ ಮರದ ಗಾಡಿ, ಮನುಷ್ಯರೇ ಎಳೀಬೇಕು, ತಲೆಗೆ 17 ಪೌಂಡ್ ಸಾಮಾನು ಅಷ್ಟೇ, ಬಟ್ಟೆ ಹಾಸಿಗೆ ಪಾತ್ರೆ ಎಲ್ಲ ಸೇರಿ. ನಮ್ಮ ಲೆಕ್ಕದಲ್ಲಿ ಎಂಟು ಕೆಜಿ ಕೂಡ ಬರಲ್ಲ, ವಿಮಾನದಲ್ಲಿ ಕೈಯಲ್ಲಿ ಹಿಡ್ಕೊಂಡು ಹೋಗೋ ಬ್ಯಾಗಿನಷ್ಟು. ಡೆನ್ಮಾರ್ಕಿಂದ ಏನು ಬಿಟ್ಬಂದ್ರು ಅಂತ ಅಜ್ಜಿ ಹತ್ರ ಕೇಳಿ, ಅಂಥ ನೆನಪು ಮನೆಮನೆಗಳಲ್ಲಿ ಉಳ್ಕೊಂಡಿರತ್ತೆ.

ಹಿಂದಿನ ವರ್ಷ, 1856ರಲ್ಲಿ, ವಿಲ್ಲಿ ಮತ್ತು ಮಾರ್ಟಿನ್ ಅಂತ ಎರಡು ತಂಡ ತಡವಾಗಿ ಹೊರಟು ವಯೋಮಿಂಗಲ್ಲಿ ಅಕ್ಟೋಬರ್ ಹಿಮಕ್ಕೆ ಸಿಕ್ಕಿ 200ಕ್ಕೂ ಹೆಚ್ಚು ಜನ ಸತ್ರು. ಇಲ್ಲಿ ಕೈಗಾಡಿ ಅಂದ್ರೆ ಎಲ್ರ ತಲೇಲೂ ಬರೋದು ಆ ಹಿಮವೇ. ನಿಮ್ಮ ಹುಡುಗಿಯ ತಂಡ ಆ ಹಿಮಕ್ಕೆ ಸಿಕ್ಕಿಲ್ಲ, ಅವ್ರದ್ದು ಬಿಸಿಲು, ಧೂಳು, ಸವೆದ ಚಪ್ಪಲಿ, ಹಸಿವು. ಮಕ್ಕಳು ಪುಸ್ತಕ ಮಾಡಿಸುವಾಗ ಹಿಮದ ಚಿತ್ರ ಹಾಕ್ಬಿಡ್ತಾರೆ, ನೀವು ನೋಡ್ಕೊಳ್ಳಿ.

ಆಕೆಯ ಹೆಸರು ಚರ್ಚಿನವ್ರ ಪಯನಿಯರ್ ಡೇಟಾಬೇಸಲ್ಲಿ ಹುಡುಕಿ, ತಂಡದ ಪ್ರಕಾರ ಹೆಸರು ವಯಸ್ಸು ಹಾಕಿರ್ತಾರೆ, ನೋಡೋಕೆ ದುಡ್ಡಿಲ್ಲ. ಡೇನಿಶ್ ಹೆಸರು ನಾಲ್ಕೈದು ಸ್ಪೆಲ್ಲಿಂಗಲ್ಲಿ ಟ್ರೈ ಮಾಡಿ. ಇನ್ನೊಂದು ಸಣ್ಣ ಮಾತು, ಮಾರ್ಮನ್ ಅನ್ನೋ ಪದ 2018ರಿಂದ ಚರ್ಚಿನವ್ರೇ ಬೇಡ ಅಂತಿದಾರೆ, ಲ್ಯಾಟರ್ ಡೇ ಸೇಂಟ್ಸ್ ಅಂತ ಪೂರ್ತಿ ಹೇಳಿ ಅಂತ. ಹಳಬರು ಮಾರ್ಮನ್ ಅಂತ್ಲೇ ಅನ್ನೋದು ಜಾಸ್ತಿ. ಅಜ್ಜಿ ಬಾಯಲ್ಲಿ ಹೇಗೆ ಬರತ್ತೋ ಹಾಗೇ ಬರೀರಿ.

ರೇಷ್ಮೆಗೂಡು:

ಓದಿ ಕಣ್ಣು ತುಂಬಿ ಬಂತು ಅಕ್ಕ. ನಾನು ಯೂಟಾದಲ್ಲಿಲ್ಲ, ಅರಿಝೋನಾದ ಮೇಸಾದಲ್ಲಿ ನಾಲ್ಕು ವರ್ಷ ಇದ್ದೆ, ಅದೂ ಇವ್ರೇ ಕಟ್ಟಿದ ಊರು, ನಮ್ಮ ಬೀದೀಲಿ ಅರ್ಧ ಮನೆ ಇವ್ರದ್ದೇ.

ಭಾನುವಾರದ ಮೊಟ್ಟೆ ಅಂದ್ರೆ, ಮ್ಯಾಂಟೈ ಗುಡ್ಡದ ಮೇಲೆ ಆ ಕೆನೆ ಬಣ್ಣದ ಕಲ್ಲಿನ ಟೆಂಪಲ್ ಇದೆಯಲ್ಲ, ಅದನ್ನ 1877ರಿಂದ 1888ರವರೆಗೆ ಹನ್ನೊಂದು ವರ್ಷ ಕಟ್ಟಿದ್ರು, ಊರಿನ ಹೆಂಗಸರ ಕೈಲಿ ದುಡ್ಡೆಲ್ಲಿತ್ತು, ಭಾನುವಾರ ಇಟ್ಟ ಮೊಟ್ಟೆ ದೇವರ ಕೆಲಸಕ್ಕೆ ಅಂತ ಎತ್ತಿಟ್ಟು ಮಾರಿ ಕೊಡ್ತಿದ್ರು. ರಿಲೀಫ್ ಸೊಸೈಟಿ ಅಂತ ಅವ್ರ ಹೆಂಗಸರ ಸಂಘ, 1842ರಲ್ಲಿ ಶುರುವಾಗಿದ್ದು, ಇವತ್ತಿಗೂ ಇದೆ. 1876ರಿಂದ ಅದೇ ಸಂಘದೋರು ಗೋಧಿ ಕೂಡಿಡೋಕೆ ಶುರು ಮಾಡಿದ್ರು, ಕೊಯ್ಲಾದ ಹೊಲದಲ್ಲಿ ಮಕ್ಕಳನ್ನ ಕಟ್ಕೊಂಡು ಹಕ್ಕಲು ಆಯ್ದು ಆಯ್ದು ಕಣಜ ತುಂಬಿಸಿದ್ರು, ಬರ ಬಂದ್ರೆ ಇರ್ಲಿ ಅಂತ. ಮೊದಲ ಮಹಾಯುದ್ಧದ ಕಾಲಕ್ಕೆ, 1918ರಲ್ಲಿ, ಆ ಗೋಧೀನ ಸರ್ಕಾರವೇ ಕೊಂಡ್ಕೊಳ್ತು, ಎರಡು ಲಕ್ಷ ಬುಶೆಲ್. ದೊಡ್ಡಜ್ಜಿ ಹಕ್ಕಲು ಆಯ್ದಿರ್ಬಹುದು, ಕೇಳಿ ನೋಡಿ.

ನಂಗೆ ಎಲ್ಲಕ್ಕಿಂತ ಹತ್ರ ಅನ್ಸಿದ್ದು ರೇಷ್ಮೆ ವಿಷ್ಯ. ನಮ್ಮಜ್ಜಿ ಕನಕಪುರದ ಹತ್ರ ಹಳ್ಳೀಲಿ ಹುಳ ಸಾಕ್ತಿದ್ರು, ಮನೆ ಒಳಗೇ ತಟ್ಟೆ, ನಾವು ಮಲಗೋದು ಹುಳದ ಪಕ್ಕ, ನಾಲ್ಕನೇ ಜ್ವರ (ಅಂದ್ರೆ ಹುಳ ಪೊರೆ ಬಿಡೋದು) ಎದ್ದ ಮೇಲೆ ಹುಳ ಸೊಪ್ಪು ತಿನ್ನೋ ಸದ್ದು ರಾತ್ರಿ ಇಡೀ ಮಳೆ ಬಂದಂಗೆ ಕೇಳೋದು. ಯೂಟಾದ ಈ ಹೆಂಗಸರೂ ಅದನ್ನೇ ಮಾಡಿದಾರೆ ಅಂತ ಗೊತ್ತಾದಾಗ ನಂಬೋಕಾಗ್ಲಿಲ್ಲ. ಹಿಪ್ಪುನೇರಳೆ ಗಿಡ ತರಿಸಿ ನೆಟ್ಟು, ಮನೆ ಒಳಗೆ ಹುಳ ಇಟ್ಕೊಂಡು, 1870ರ ದಶಕದಲ್ಲಿ ಡೆಸರೆಟ್ ರೇಷ್ಮೆ ಸಂಘ ಅಂತ ಮಾಡ್ಕೊಂಡ್ರು. ಅದರ ಅಧ್ಯಕ್ಷೆ ಜೈನಾ ಯಂಗ್, ಬ್ರಿಗಮ್ ಯಂಗ್ ಹೆಂಡತಿಯರಲ್ಲಿ ಒಬ್ರು (ಆಗ ಇವ್ರಲ್ಲಿ ಬಹುಪತ್ನಿ ಮದುವೆ ಇತ್ತು), ಆಯಮ್ಮಂಗೆ ಹುಳ ಕಂಡ್ರೆ ಅಸಹ್ಯ, ಆದ್ರೂ ವಹಿಸಿದ ಕೆಲಸ ಅಂತ ಕೈಯಾರೆ ಮಾಡಿದ್ರು. 1900ರಲ್ಲಿ, ಹೆಂಗಸರ ವೋಟಿನ ಹಕ್ಕಿಗಾಗಿ ಹೋರಾಡಿದ ಸೂಸನ್ ಆಂಥೊನಿ ಅವ್ರಿಗೆ 80 ವರ್ಷ ತುಂಬಿದಾಗ ಯೂಟಾ ಹೆಂಗಸರು ಕಳಿಸಿದ ಉಡುಗೊರೆ, ತಾವೇ ಬೆಳೆದು ನೇಯಿಸಿದ ಕಪ್ಪು ರೇಷ್ಮೆ ಬಟ್ಟೆ. ಲಾಭ ಆಗದೆ ಆಮೇಲೆ ನಿಂತೋಯ್ತು. ಆದ್ರೆ ಆ ಹಳೇ ಹಿಪ್ಪುನೇರಳೆ ಮರ ಕೆಲವು ಬೀದೀಲಿ ಇನ್ನೂ ಇವೆಯಂತೆ.

ಆಂಥೊನಿಗೆ ಯಾಕೆ ಅಂದ್ರೆ ವೋಟಿನ ಋಣ. ಯೂಟಾ ಹೆಂಗಸರಿಗೆ 1870ರಲ್ಲೇ ವೋಟು ಸಿಕ್ಕಿತ್ತು, ಫೆಬ್ರವರಿ 14ಕ್ಕೆ ಸೆರಫ್ ಯಂಗ್ ಅನ್ನೋ ಟೀಚರ್ ಹಾಕಿದ್ದು ಮೊದಲ ವೋಟು. 1887ರಲ್ಲಿ ಕೇಂದ್ರ ಸರ್ಕಾರ ಅದನ್ನ ಕಿತ್ಕೊಳ್ತು, 1896ರಲ್ಲಿ ರಾಜ್ಯ ಆದಾಗ ವಾಪಸ್ ಬಂತು. ದೊಡ್ಡಜ್ಜಿಗೆ ಆಗ 20 ವರ್ಷ ಅಲ್ವಾ, ಮೊದಲ ಸಲ ವೋಟು ಹಾಕಿದ್ದು ಯಾವಾಗ ಅಂತ ನೆನಪಿದ್ರೆ ಅದೂ ಬರಲಿ. ಅದೇ ವರ್ಷ ಮಾರ್ಥಾ ಹ್ಯೂಸ್ ಕ್ಯಾನನ್ ಅಂತ ಡಾಕ್ಟರಮ್ಮ, ಆಕೆಯೂ ಚಿಕ್ಕೋಳಿದ್ದಾಗ ವೇಲ್ಸಿಂದ ಬಂದ ಪಯನಿಯರ್, ತನ್ನ ಗಂಡನೂ ಅಭ್ಯರ್ಥಿಯಾಗಿದ್ದ ಎಲೆಕ್ಷನ್ನಲ್ಲಿ ನಿಂತು ಗೆದ್ದು ಅಮೆರಿಕದ ಮೊದಲ ಮಹಿಳಾ ಸ್ಟೇಟ್ ಸೆನೆಟರ್ ಆದ್ರು. ಗಂಡನಿಗೆ ಆಕೆ ನಾಲ್ಕನೇ ಹೆಂಡ್ತಿ.

ಹಳೇಕಡತ:

ಮೇಲಿನವರು ಇಬ್ರೂ ಅಪ್ಪನ ಹೆಸರಿನ ವಿಷ್ಯ ಮುಟ್ಟಲಿಲ್ಲ, ಅದನ್ನ ನಾನು ಹೇಳ್ತೀನಿ. ದೊಡ್ಡಜ್ಜಿಯ ತಾಯಿ ಎರಡನೇ ಅಥವಾ ಮೂರನೇ ಹೆಂಡ್ತಿ ಆಗಿರ್ಬೇಕು. ಲೆಕ್ಕ ಹಾಕಿ ನೋಡಿ, 1876ಕ್ಕೆ ಹದಿನಾಲ್ಕು ಕೂಡಿಸಿದ್ರೆ 1890. ಆ ವರ್ಷವೇ ಚರ್ಚಿನ ಅಧ್ಯಕ್ಷ ವಿಲ್‌ಫರ್ಡ್ ವುಡ್ರಫ್ ಇನ್ಮುಂದೆ ಬಹುಪತ್ನಿ ಮದುವೆ ಬೇಡ ಅಂತ ಪ್ರಕಟಣೆ ಹೊರಡಿಸಿದ್ದು.

ಅದಕ್ಕೆ ಮುಂಚೆ 1882ರಲ್ಲಿ ಎಡ್ಮಂಡ್ಸ್ ಕಾಯ್ದೆ ಬಂದಿತ್ತು, ಒಬ್ಬಳಿಗಿಂತ ಹೆಚ್ಚು ಹೆಂಡ್ತಿ ಜೊತೆ ಸಂಸಾರ ಮಾಡ್ತಿದಾನೆ ಅಂತ ಸಾಬೀತಾದ್ರೆ ಆರು ತಿಂಗಳ ಜೈಲು, 300 ಡಾಲರ್ ದಂಡ. ಫೆಡರಲ್ ಮಾರ್ಷಲ್‌ಗಳು, ಅಂದ್ರೆ ಕೇಂದ್ರ ಸರ್ಕಾರದ ಪೊಲೀಸರು, ಹಳ್ಳಿಗಳಿಗೆ ರಾತ್ರೋರಾತ್ರಿ ಬರೋರು. ಸಾವಿರಕ್ಕೂ ಹೆಚ್ಚು ಶಿಕ್ಷೆ ಆದ್ವು. ಗಂಡಸರು ತಲೆಮರೆಸ್ಕೊಳ್ಳೋರು, ಆದ್ರೆ ನಿಜವಾದ ಕಷ್ಟ ಹೆಂಡತಿಯರದ್ದು, ಯಾಕಂದ್ರೆ ಕೈಲಿರೋ ಕೂಸೇ ಕೋರ್ಟಲ್ಲಿ ಸಾಕ್ಷಿ. ಬಸುರಿ ಹೆಂಗಸರು ಊರೂರು ತಿರುಗಿ ಬೇರೆ ಹೆಸರಲ್ಲಿ ಇರೋರು, ಅಂಡರ್‌ಗ್ರೌಂಡ್ ಅಂತ್ಲೇ ಅದಕ್ಕೆ ಹೆಸರು. ಮಕ್ಕಳಿಗೆ ಕಲಿಸ್ತಿದ್ದ ಮೊದಲ ಪಾಠ, ಅಪ್ಪ ಯಾರು ಅಂತ ಯಾರು ಕೇಳಿದ್ರೂ ಗೊತ್ತಿಲ್ಲ ಅನ್ನು. ಆರೇಳು ವರ್ಷದ ಮಗು ತನ್ನ ಅಪ್ಪನ್ನ ಗೊತ್ತಿಲ್ಲ ಅನ್ನಬೇಕು. ಇದನ್ನ ಪುಸ್ತಕದಿಂದ ತೆಗೆದ್ರೆ ದೊಡ್ಡಜ್ಜಿಯ ಬಾಲ್ಯದಲ್ಲಿ ಉಳಿಯೋದಾದ್ರೂ ಏನು?

ಕಾಫಿಗೆ ಉತ್ತರ ಸುಲಭ. ಬೇಡ ಅನ್ನೋ ಮಾತು 1833ರಷ್ಟು ಹಳೇದು, ಆದ್ರೆ ಬಹಳ ಕಾಲ ಅದು ಬುದ್ಧಿಮಾತಿನ ಹಾಗಿತ್ತು, ಟೆಂಪಲ್ ಒಳಗೆ ಹೋಗೋಕೆ ಇದನ್ನ ಪಾಲಿಸಲೇಬೇಕು ಅಂತ ಬಿಗಿಯಾಗಿದ್ದು 1921ರ ಹೊತ್ತಿಗೆ. ಡೇನಿಶ್ ಮನೆಗಳಲ್ಲಿ ಕಾಫಿ ಅಂದ್ರೆ ನಮ್ಮ ಚಿಕ್ಕಮಗಳೂರು ಮನೆಗಳಿದ್ದ ಹಾಗೆ. ನಲವತ್ತೈದು ವಯಸ್ಸಿನವರೆಗೆ ಕುಡಿದೋಳು ಬಿಡ್ಲಿಲ್ಲ, ಅದರಿಂದ ಆಕೆಯ ಭಕ್ತಿ ಕಮ್ಮಿ ಆಗಲ್ಲ.

ಇನ್ನೊಂದು, ಇದು ನಿಮ್ಮ ಅಜ್ಜಿ ಬಾಯಲ್ಲಿ ಬರದೇ ಇರ್ಬಹುದು. ಸ್ಯಾನ್‌ಪೀಟ್ ಖಾಲಿ ಜಾಗ ಆಗಿರ್ಲಿಲ್ಲ, ಯೂಟ್ ಅನ್ನೋ ಮೂಲನಿವಾಸಿ ಜನರ ನೆಲ. 1849ರಲ್ಲಿ ಇವ್ರನ್ನ ಅಲ್ಲಿಗೆ ಕರೆದಿದ್ದೇ ಯೂಟ್ ನಾಯಕ ವಾಕರಾ. ಹುಲ್ಲುಗಾವಲು, ಬೇಟೆ, ಮೀನು ಎಲ್ಲ ಕೈತಪ್ಪಿ ಹೊಟ್ಟೆಗಿಲ್ದೆ ಹೋದಾಗ 1865ರಿಂದ ಬ್ಲ್ಯಾಕ್ ಹಾಕ್ ಅನ್ನೋ ಯೂಟ್ ನಾಯಕನ ಜೊತೆ ವರ್ಷಗಟ್ಟಲೆ ಕಾದಾಟ ನಡೀತು, ಕೊನೆಗೆ ಯೂಟ್ ಜನರನ್ನ ಯುಯಿಂಟಾ ರಿಸರ್ವೇಶನ್‌ಗೆ, ಅಂದ್ರೆ ಮೂಲನಿವಾಸಿಗಳಿಗೆ ಅಂತ ಸರ್ಕಾರ ಗೊತ್ತು ಮಾಡಿದ ಜಾಗಕ್ಕೆ, ಅಟ್ಟಿದ್ರು. ಆ ಡೇನಿಶ್ ಹುಡುಗಿ ಆಗ ಹದಿಹರೆಯದೋಳು, ಅದರ ಮಧ್ಯೆಯೇ ಬೆಳೆದಿದ್ದು. ಒಂದು ಪ್ಯಾರಾ ಆದ್ರೂ ಇರಲಿ.

ಮಲ್ನಾಡ್_ಹುಡ್ಗಿ:

ಹಳೇಕಡತ ಸರ್, 1890ರ ಲೆಕ್ಕ ಓದಿ ಐದು ನಿಮಿಷ ಫೋನ್ ಕೆಳಗಿಟ್ಟು ಕೂತಿದ್ದೆ. ಹೌದು, ಆಕೆ ಎರಡನೇ ಹೆಂಡ್ತಿ, ಅಜ್ಜಿ ಒಂದ್ಸಲ ಹೇಳಿದ್ರು, ನಾನೇ ಎರಡನ್ನೂ ಜೋಡಿಸಿರ್ಲಿಲ್ಲ. ಈಫ್ರಮ್‌ನಲ್ಲಿ ಎರಡು ಮನೆ ಇತ್ತಂತೆ, ಮಧ್ಯೆ ನೀರಿನ ಕಾಲುವೆ. ದೊಡ್ಡ ಹೆಂಡ್ತಿ ತೀರ್ಕೊಂಡ ದಿನ ತನ್ನಮ್ಮ ಒಬ್ಬ ಅಕ್ಕನ್ನ ಕಳ್ಕೊಂಡ ಹಾಗೆ ಅತ್ತಿದ್ದನ್ನ ದೊಡ್ಡಜ್ಜಿ ಹೇಳ್ತಿದ್ಳಂತೆ. ಆದ್ರೆ ಅಪ್ಪ ಈ ಮನೇಲಿ ಇದ್ದ ಚಳಿಗಾಲಗಳನ್ನ ಬೆರಳಲ್ಲಿ ಎಣಿಸ್ಬಹುದಿತ್ತು ಅಂತಾನೂ ಹೇಳ್ತಿದ್ಳಂತೆ. ಎರಡನ್ನೂ ಬರೆದಿಟ್ಟಿದೀನಿ. ಮಕ್ಕಳಿಗೆ ಹೇಗೆ ಹೇಳೋದು ಅನ್ನೋದೇ ತಿಳೀತಿಲ್ಲ.

ಸಾಲ್ಟ್‌ಲೇಕ್_ಸೀನ:

ಇದಕ್ಕೆ ಒಂದು ನಡೆದ ಸಂಗತಿ ಹೇಳ್ತೀನಿ, ಅಜ್ಜಿಯ ಮಕ್ಕಳಿಗೂ ಹೇಳಿ, ಅವ್ರಿಗೆ ಈ ಹೆಸರು ಗೊತ್ತಿರತ್ತೆ.

ಹ್ವಾನಿಟಾ ಬ್ರೂಕ್ಸ್ ಅಂತ. 1898ರಲ್ಲಿ ನೆವಾಡಾದ ಬಂಕರ್‌ವಿಲ್ ಅನ್ನೋ ಮಾರ್ಮನ್ ಹಳ್ಳೀಲಿ ಹುಟ್ಟಿದೋರು, ಪಕ್ಕಾ ಪಯನಿಯರ್ ಮನೆತನ, ತಾತನಿಗೆ ಐದು ಹೆಂಡತಿಯರು. ಹುಡುಗಿಯಾಗಿ ಮೆಸ್ಕೀಟ್ ಅನ್ನೋ ಊರಲ್ಲಿ ಮೇಷ್ಟ್ರಾಗಿದ್ದಾಗ ನೀಫೈ ಜಾನ್ಸನ್ ಅಂತ ಒಬ್ಬ ಹಿರಿಯರು ಹತ್ರ ಬಂದು, ನನ್ನ ಕಣ್ಣು ಕಂಡಿದ್ದನ್ನ ನಾಲಿಗೆ ಇವತ್ತಿನವರೆಗೆ ಹೇಳಿಲ್ಲ, ಸಾಯೋಕೆ ಮುಂಚೆ ಬರೆಸ್ಬೇಕು, ನೀನು ಬರ್ಕೊಡ್ತೀಯಾ ಅಂತ ಕೇಳಿದ್ರು. ಈಕೆ ಆಗಲಿ ಅಂದ್ರು, ಸ್ಕೂಲ್ ಕೆಲಸದಲ್ಲಿ ಇವತ್ತು ನಾಳೆ ಅಂತ ಮುಂದೆ ಹೋಯ್ತು. 1919ರಲ್ಲಿ ಮುದುಕರು ಹಾಸಿಗೆ ಹಿಡಿದಿದಾರೆ ಅಂತ ಸುದ್ದಿ ಬಂದು ಓಡಿ ಹೋದ್ರೆ ಪ್ರಜ್ಞೆ ಸರಿಯಿಲ್ಲ, ಪ್ರಾರ್ಥನೆ ಮಾಡ್ತಾರೆ, ಹಾಡ್ತಾರೆ, ಇದ್ದಕ್ಕಿದ್ದಂತೆ ಕಣ್ಣು ಬಿಟ್ಟು ರಕ್ತ ರಕ್ತ ಅಂತ ಕೂಗ್ತಾರೆ. ಹೇಳ್ಬೇಕಾಗಿದ್ದು ಹೇಳದೇ ಹೋಗ್ಬಿಟ್ರು.

1857ರ ಸೆಪ್ಟೆಂಬರಲ್ಲಿ ಮೌಂಟನ್ ಮೆಡೋಸ್ ಅನ್ನೋ ಕಡೆ ಕ್ಯಾಲಿಫೋರ್ನಿಯಾಗೆ ಹೋಗ್ತಿದ್ದ ಸುಮಾರು 120 ಜನ ಪ್ರಯಾಣಿಕರನ್ನ, ಹೆಂಗಸರು ಮಕ್ಕಳು ಅಂತ ನೋಡದೆ, ಅಲ್ಲಿನ ಮಾರ್ಮನ್ ಗಂಡಸರೇ ಕೊಂದಿದ್ರು. ಆ ಮುದುಕರು ಅವತ್ತು ಅಲ್ಲಿದ್ದೋರು. ಊರಲ್ಲಿ ಯಾರೂ ಬಾಯಿ ಬಿಡ್ತಿರ್ಲಿಲ್ಲ.

ಬ್ರೂಕ್ಸ್ ಮದುವೆ ಆಗಿ ಒಂದೂಕಾಲು ವರ್ಷಕ್ಕೆ ಗಂಡ ಕ್ಯಾನ್ಸರಲ್ಲಿ ಹೋದ್ರು, ಕೈಗೂಸು ಇಟ್ಕೊಂಡು ಓದಿದ್ರು, ಆಮೇಲೆ ಸೇಂಟ್ ಜಾರ್ಜಲ್ಲಿ ಮೊದಲೇ ಮಕ್ಕಳಿದ್ದ ಒಬ್ಬರನ್ನ ಮದುವೆಯಾಗಿ ದೊಡ್ಡ ಸಂಸಾರ ನಡೆಸ್ತಾ, 1930ರ ದಶಕದಲ್ಲಿ ಊರ ಹೆಂಗಸರನ್ನ ಸೇರಿಸ್ಕೊಂಡು ಪಯನಿಯರ್‌ಗಳ ಡೈರಿಗಳನ್ನ ಟೈಪ್ ಮಾಡಿಸಿ ಉಳಿಸಿದ್ರು. ಟೈಪ್‌ರೈಟರ್ ಪಕ್ಕ ಇಸ್ತ್ರಿ ಬಟ್ಟೆ ರಾಶಿ ಇಟ್ಕೊಂಡಿರೋರು, ನೆರೆಯೋರು ಬಂದ್ರೆ ಬಟ್ಟೆ ಮುಚ್ಚಿ ಇಸ್ತ್ರಿ ಮಾಡ್ತಿರೋ ಹಾಗೆ ಕಾಣ್ಲಿ ಅಂತ. 1950ರಲ್ಲಿ ಆ ಹತ್ಯೆಯ ಬಗ್ಗೆ ಅವ್ರ ಪುಸ್ತಕ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿಂದ ಬಂತು. ತಮ್ಮೋರೇ ಎಷ್ಟೋ ಜನ ಮುಖ ತಿರುಗಿಸಿದ್ರು, ಇವ್ರು ಮಾತ್ರ ಚರ್ಚ್ ಬಿಡ್ಲಿಲ್ಲ, 1989ರಲ್ಲಿ ತೀರ್ಕೊಳ್ಳೋವರೆಗೂ ಅದೇ ಧರ್ಮದಲ್ಲಿದ್ರು. ಇವತ್ತು ಅದೇ ಊರಲ್ಲಿ ಅವ್ರ ಹೆಸರು ಗೌರವದಿಂದ ಹೇಳ್ತಾರೆ.

ಮೇಡಂ, ನೀವು ಎರಡು ಪ್ರತಿ ಮಾಡಿ. ಮಕ್ಕಳಿಗೆ ಬೇಕಾದ್ದು ಒಂದು. ಅಜ್ಜಿ ಹೇಳಿದ್ದು ಹೇಳಿದ ಹಾಗೇ ಇರೋದು ಒಂದು, ರೆಕಾರ್ಡಿಂಗ್ ಸಮೇತ. ಯಾವುದು ಯಾರಿಗೆ ಕೊಡ್ಬೇಕು ಅಂತ ಅಜ್ಜೀನೇ ಹೇಳ್ಲಿ. ಕೇಳೋದನ್ನ ಮಾತ್ರ ಮುಂದೆ ಹಾಕ್ಬೇಡಿ, ಬುಧವಾರ ಒಂದೇ ಯಾಕೆ, ವಾರಕ್ಕೆರಡು ದಿನ ಹೋಗಿ.

ರೇಷ್ಮೆಗೂಡು:

ಸೀನ ಅವ್ರು ಹೇಳಿದ್ದೇ ಸರಿ. ನಮ್ಮಜ್ಜಿ ಮಾತು ಒಂದೂ ರೆಕಾರ್ಡ್ ಮಾಡ್ಲಿಲ್ಲ ನಾನು. ಗೂಡು ಕಟ್ಟೋಕೆ ಚಂದ್ರಿಕೆಗೆ ಹುಳ ಬಿಡುವಾಗ ಒಂದು ಹಾಡು ಹೇಳ್ತಿದ್ರು, ಮೊದಲ ಸಾಲು ಬಿಟ್ರೆ ಏನೂ ನೆನಪಿಲ್ಲ, ಊರಲ್ಲಿ ಕೇಳಿದ್ರೆ ಯಾರಿಗೂ ಬರಲ್ಲ.

ಮಲ್ನಾಡ್_ಹುಡ್ಗಿ:

ನಿನ್ನೆ ಹೋಗಿದ್ದೆ. ಹ್ವಾನಿಟಾ ಬ್ರೂಕ್ಸ್ ಹೆಸರು ಹೇಳ್ತಿದ್ದಂಗೆ ಅಜ್ಜಿ ಕಿಟಕಿಯಿಂದ ಈ ಕಡೆ ತಿರುಗಿದ್ರು, ಗೊತ್ತು ಅಂದ್ರು, ಅಷ್ಟೇ. ಎರಡು ಪ್ರತಿ ಮಾಡೋಣ್ವಾ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ನಿದ್ದು, ಇಲ್ಲೀವರೆಗೆ ಬರೆದಿದ್ದು ಮೊದ್ಲು ಓದು ಅಂದ್ರು. ಕಾಲುವೆ ಆಚೆ ಮನೆ, ಅಪ್ಪನ ಹೆಸರು, ಮೊಟ್ಟೆ, ಹಕ್ಕಲು, ಎಲ್ಲ ಓದಿದೆ, ಒಂದೂ ತೆಗಿ ಅನ್ಲಿಲ್ಲ. ಹಕ್ಕಲು ಆಯ್ದಿದ್ದು ನಿಜವಂತೆ, ಗೋಧಿ ಕೂಳೆ ಚುಚ್ಚಿದ ಗುರುತು ದೊಡ್ಡಜ್ಜಿ ಕಾಲಲ್ಲಿ ಮುದುಕಿ ಆದ್ಮೇಲೂ ಇತ್ತಂತೆ.

ಒಂದೇ ಒಂದು ಕಡೆ ನಿಲ್ಲಿಸಿದ್ರು. ಕಾಫಿ ಪುಡಿ ಡಬ್ಬ ಬೀರು ಮೇಲೆ ಇತ್ತು ಅಂತ ಬರೆದಿದ್ದೆ. ಅಲ್ಲ, ಹಿಟ್ಟಿನ ಪೀಪಾಯಿ ಹಿಂದೆ, ನೀಲಿ ಡಬ್ಬ, ಮುಚ್ಚಳ ಸರಿಯಾಗಿ ಕೂರ್ತಿರ್ಲಿಲ್ಲ, ಅದಕ್ಕೆ ಬೆಳಿಗ್ಗೆ ಬೆಳಿಗ್ಗೆ ಅಡುಗೆಮನೆ ಎಲ್ಲ ಘಮ ಅನ್ನೋದು, ಸರಿಯಾಗಿ ಬರಿ ಅಂದ್ರು.

ತಿದ್ದಿದೀನಿ. ಶನಿವಾರ ಮತ್ತೆ ಹೋಗ್ತೀನಿ.